ಹೆಂಗಸಿಗೆ ತಕ್ಕ ಕೋವಿ

ಸೆಪ್ಟೆಂಬರ್ 11, 1990. ಮಂಗಳವಾರ

ಇವತ್ತೂ ಖುಬ್ಬೂಸ್ ರೊಟ್ಟಿ ಸಿಗಲಿಲ್ಲ. ಬೆಳಿಗ್ಗೆಯಿಂದ ಕ್ಯೂನಲ್ಲಿ ನಿಂತದ್ದು. ನನ್ನ ಮುಂದಿನವಳಿಗೆ ಕೊಟ್ಟು ಶಟರ್ ಎಳೆದ. ಬಂದು ಗಂಜಿಗೆ ಇಟ್ಟೆ.

ಇರಾಕಿನ ಸೈನ್ಯ ಈ ದೇಶ ಹಿಡಿದ ಮೇಲೆ, ಶರ್ಕಿನಲ್ಲಿ ನಾನು ಟೈಪ್ ಮಾಡುತ್ತಿದ್ದ ಆಫೀಸು ಬರೀ ಗೋಡೆಯಂತೆ. ಮೇಜು, ಕುರ್ಚಿ, ಟೈಪ್‌ರೈಟರ್ ಎಲ್ಲ ಇರಾಕಿನ ಲಾರಿ ಹತ್ತಿದವು. ನನ್ನನ್ನು ಕೆಲಸಕ್ಕಿಟ್ಟ ಕಫೀಲ್ ಬೇಸಿಗೆಗೆ ಲಂಡನ್ನಿಗೆ ಹೋದವನು ಅಲ್ಲೇ ಹಾಯಾಗಿದ್ದಾನೆ. ಇವರಿಗೂ ಕೆಲಸವಿಲ್ಲ, ರೇಡಿಯೋ ಕಿವಿಗೆ ಹಚ್ಚಿಕೊಂಡು ಕೂರುವುದೇ ಕೆಲಸ. ಬಸ್ಸಿಗೆ ಹೆಸರು ಕೊಟ್ಟಿದ್ದೇವೆ. ಬಾಗ್ದಾದ್, ಅಮ್ಮಾನ್, ಅಲ್ಲಿಂದ ವಿಮಾನ. ಅಲ್ಲಿಯವರೆಗೆ ರಿಗ್ಗೈಯ ಈ ಮೂರನೇ ಮಾಳಿಗೆಯೇ ಗತಿ.

ನಿನ್ನೆ ಪಕ್ಕದ ಬಿಲ್ಡಿಂಗಿಗೆ ಸೈನಿಕರು ನುಗ್ಗಿದ್ದಾರೆ. ಟಿ.ವಿ. ಹೊತ್ತರು. ಉಳಿದ ಸಾಮಾನು ಕೆಳಗೆ ತಾ ಎಂದು ಆ ಮನೆಯ ಹುಡುಗಿಯನ್ನು ಕರೆದರು. ಲಾರಿಯಲ್ಲೇ ಕೂರಿಸಿಕೊಂಡು ಹೋದರು. ಸಂಜೆ ತಂದು ಬಿಟ್ಟರು. ಹುಡುಗಿ ಬಾಯಿ ಬಿಡುತ್ತಿಲ್ಲ. ನಮ್ಮ ಅಶ್ಮಿತಾಳಿಗೆ ಹದಿನೈದು, ಅವಳಿಗೆ ಹದಿನಾರು.

ಇವರನ್ನು ಕೇಳಿದೆ: ನಮ್ಮ ಬಾಗಿಲು ತಟ್ಟಿದರೆ ಏನು ಮಾಡುತ್ತೀರಿ?

“ನಮ್ಮನ್ನು ಎಂತ ಮಾಡ್ಲಿಕ್ಕಿಲ್ಲ ಮಾರಾಯ್ತಿ. ಹಿಂದಿಗಳು, ಇಂಡಿಯಾದವರು ಅಂದ್ರೆ ಅವರಿಗೆ ಪ್ರೀತಿ.”

ಪ್ರೀತಿಯಂತೆ! ಮೈಯೆಲ್ಲ ಉರಿದುಹೋಯಿತು. ಗಂಜಿ ಬಡಿಸಿ ಎದ್ದು ಬಂದೆ.

ಸೆಪ್ಟೆಂಬರ್ 13, ಗುರುವಾರ

ಕೆಳಗಿನ ಮನೆಯ ಉಮ್ಮ್ ಸಾಲೆಂ ಕರೆದರು. ಬಿಲ್ಡಿಂಗಿನ ಯಜಮಾನಿ. ಗಂಡ ಸತ್ತು ಎಷ್ಟೋ ಕಾಲವಾಯಿತು, ಮಕ್ಕಳೆಲ್ಲ ಹೊರದೇಶದಲ್ಲಿ. ತಮ್ಮನ ಜೊತೆ ಮರುಭೂಮಿ ದಾಟಿ ಸೌದಿಗೆ ಹೊರಟಿದ್ದಾರೆ. ನನ್ನನ್ನು ಸ್ಟೋರ್‌ರೂಮಿಗೆ ಕರೆದೊಯ್ದು ಅಕ್ಕಿ ಮೂಟೆ ಸರಿಸಿದರು. ಕಂಬಳಿಯೊಳಗೆ ಮೂರು ಕೋವಿ. ಗಂಡ ಹಕ್ಕಿ ಹೊಡೆಯುತ್ತಿದ್ದದ್ದಂತೆ.

ಅರ್ಧ ಅರಬ್ಬಿ, ಅರ್ಧ ಕೈಸನ್ನೆ. ನಿನಗೆ ಮಗಳಿದ್ದಾಳೆ, ಒಂದು ಇಟ್ಟುಕೋ, ಉಳಿದದ್ದನ್ನು ತಮ್ಮ ಶನಿವಾರ ಹೂಳುತ್ತಾನೆ, ಎಂದರು. ಸಿಕ್ಕಿಬಿದ್ದರೆ ಏನಾಗುತ್ತದೆ ಎನ್ನುವುದನ್ನು ಕುತ್ತಿಗೆಗೆ ಬೆರಳೆಳೆದು ತೋರಿಸಿದರು. ಕೆನ್ನೆ ಸವರಿದರು. ಸ್ವಂತದವರು ಯಾರೂ ಕೇಳದ್ದನ್ನು ಈ ಮುದುಕಿ ಕೇಳಿದರಲ್ಲ. ಕಣ್ಣು ತುಂಬಿತು.

ಮನೆಗೆ ಬಂದು ಇವರಿಗೆ ಹೇಳಿದೆ. ಹೇಳಬಾರದಿತ್ತು.

ಅದೇ ದಿನ, ಸಂಜೆ

ನನ್ನ ಹಾಲ್‌ನಲ್ಲಿ ಪಂಚಾಯ್ತಿ. ಇವರು. ದೇಜಪ್ಪಣ್ಣ—ಅಬು ಹಲೀಫಾದಲ್ಲಿ ಹೋಟೆಲು ಇಟ್ಟವರು, ಅಲ್ಲಿ ಕಡಲ ಬದಿಯಲ್ಲೆಲ್ಲ ಸೈನಿಕರು ಗುಂಡಿ ತೋಡಿದ ಮೇಲೆ ನಮ್ಮಲ್ಲೇ ಠಿಕಾಣಿ. ಮೊದಲ ಮಾಳಿಗೆಯ ನೊರ್ಬರ್ಟ್—ಆಸ್ಪತ್ರೆಯ ಸ್ಟೋರ್ಸಿನಲ್ಲಿರುವವನು, ಇಂಗ್ಲಿಷ್ ಪಿಕ್ಚರ್ ನೋಡಿ ಬಂದೂಕಿನ ಪಂಡಿತನಾದವನು. ವಿಷಯ: ಹೆಂಗಸಿಗೆ ಯಾವ ಕೋವಿ ಆದೀತು?

ನೊರ್ಬರ್ಟನಿಗೆ ಅಮೇರಿಕದ ಐದು ಈಡಿನದ್ದೇ ಬೇಕು. “ಹೊಡೀಲಿಕ್ಕೇ ಇಲ್ಲ ಯಶೋಧರಣ್ಣ. ಹೀಗೆ ಕರಕ್ ಅಂತ ಎಳೆದ್ರೆ ಸಾಕು, ಆ ಸೌಂಡಿಗೇ ಓಡ್ತಾರೆ.”

ದೇಜಪ್ಪಣ್ಣ ತಲೆಯಾಡಿಸಿದರು. “ಅದು ಅವಳ ಹೆಗಲು ಮುರೀತದೆ. ಆ ಸಣ್ಣ ಒಂಟಿ ನಳಿಗೆಯದ್ದು ಸಾಕು. ಹೆಂಗಸರಿಗೆ ಹಗುರದ್ದೇ ಒಳ್ಳೇದು.”

“ಹೌದು ಹೌದು, ಸಣ್ಣದೇ,” ಎಂದರು ಇವರು. “ಇಟ್ಟುಕೊಂಡ ಸಮಾಧಾನವೂ ಆಯ್ತು.”

ನಾನು ಚಹಾ ಕೊಡುತ್ತಾ ನಿಂತಿದ್ದೇನೆ. ಒಬ್ಬನಾದರೂ ತಲೆಯೆತ್ತಿ, ನಿನಗೇನು ಗೊತ್ತು ಮೋಹಿನಿ, ಎಂದು ಕೇಳಬೇಡವೇ? ಹಂದಿ ಕಾಟಕ್ಕೆಂದು ಅಪ್ಪನಿಗೆ ತೋಟೆ ಕೋವಿಯ ಲೈಸನ್ಸಿತ್ತು. ಅವರ ಕಣ್ಣು ಮಂಜಾದ ಮೇಲೆ ಗದ್ದೆ ಕಾದವಳು ನಾನು. ಓಟು ಬಂದಾಗಲೆಲ್ಲ ಅದನ್ನು ಠಾಣೆಗೆ ಹೊತ್ತು ಕೊಟ್ಟು, ಓಟು ಮುಗಿದ ಮೇಲೆ ತರುತ್ತಿದ್ದವಳೂ ನಾನೇ. ಈ ಮೂವರಲ್ಲಿ ಒಬ್ಬನೂ ದೀಪಾವಳಿಯ ಪಟಾಕಿಗಿಂತ ದೊಡ್ಡದು ಹೊಡೆದವನಲ್ಲ.

ಚಹಾದ ಲೋಟ ಕುಕ್ಕಿ ಒಳಗೆ ಬಂದೆ. “ಸಕ್ಕರೆ ಕಮ್ಮಿಯಾಯ್ತು,” ಎಂದು ಕೂಗಿದರು.

ಸೆಪ್ಟೆಂಬರ್ 14, ಶುಕ್ರವಾರ

ಪಂಚಾಯ್ತಿಯವರು ಏಳುವ ಮೊದಲೇ ಕೆಳಗೆ ಹೋದೆ. ಮೂರನ್ನೂ ಎತ್ತಿ ನೋಡಿದೆ.

ಸಣ್ಣದು ಗುಬ್ಬಿ ಹೊಡೆಯಲಿಕ್ಕೆ. ಒಂದೇ ಈಡು. ತಪ್ಪಿದರೆ ಅದನ್ನೇ ದೊಣ್ಣೆ ಮಾಡಿಕೊಳ್ಳಬೇಕು. ಅಮೇರಿಕದ್ದು ಉದ್ದ. ನಮ್ಮ ಪ್ಯಾಸೇಜಿನಲ್ಲಿ ತಿರುಗಿಸುವಷ್ಟರಲ್ಲಿ ಗೋಡೆಗೆ ತಾಗುತ್ತದೆ. ಬುಡವೂ ಗಂಡಸಿನ ಅಳತೆಯದ್ದು. ಮೂರನೆಯದು ಜೋಡು ನಳಿಗೆ, ಇಪ್ಪತ್ತು ಬೋರು. ಅಪ್ಪ ಹೇಳಿಕೊಟ್ಟ ಹಾಗೆ ಬುಡವನ್ನು ಮೊಣಕೈ ಮಡಿಕೆಗೆ ಒತ್ತಿ ಹಿಡಿದೆ. ಬೆರಳು ತಾನಾಗಿ ಟ್ರಿಗರಿಗೆ ಹೋಗಿ ಕೂತಿತು. ನಳಿಗೆ ಬೇರೆ, ಬುಡ ಬೇರೆ ಮಾಡಿದರೆ ಸೋಫಾದ ಹೊಟ್ಟೆಯೊಳಗೆ ಹಿಡಿಸುತ್ತದೆ. ಅಮೇರಿಕದ್ದನ್ನು ಎಲ್ಲಿ ಅಡಗಿಸುತ್ತಿದ್ದ ನೊರ್ಬರ್ಟ್?

ಇದೇ, ಎಂದೆ. ಉಮ್ಮ್ ಸಾಲೆಂ ಒಂದು ಡಬ್ಬಿ ತೋಟೆಯನ್ನೂ ಕೊಟ್ಟರು.

ಇವರು ಮುಖ ದಪ್ಪ ಮಾಡಿಕೊಂಡರು. ಬಿಡಲಿಲ್ಲ, ಕೂರಿಸಿ ತೋರಿಸಿದೆ. ಹೀಗೆ ಮಡಚುವುದು, ಹೀಗೆ ಹಾಕುವುದು. ಹಳದಿ ತೋಟೆ ಇಪ್ಪತ್ತಕ್ಕೆ, ಅಮೇರಿಕದ್ದಕ್ಕೆ ಕೆಂಪು. ಕೆಂಪು ದಪ್ಪ, ಇದರೊಳಗೆ ಹೋಗುವುದೇ ಇಲ್ಲ. ನಾನಿಲ್ಲದಾಗ ಬೇಕಾದೀತು, ನೆನಪಿಡಿ. ಅಪರೂಪಕ್ಕೆ ಗಮನವಿಟ್ಟು ಕೇಳಿದರು.

ಅಶ್ಮಿತಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. “ಅಮ್ಮಾ, ಆರ್ ಯು ಸೀರಿಯಸ್?” ಎಂದಳು. ಹೌದು ಮಗಾ, ಸೀರಿಯಸ್ಸೇ.

ಸೆಪ್ಟೆಂಬರ್ 16, ಭಾನುವಾರ

ಉಮ್ಮ್ ಸಾಲೆಂ ಹೋದರು. ಉಳಿದೆರಡು ಕೋವಿ ಅವುಗಳ ತೋಟೆ ಸಮೇತ ನಿನ್ನೆ ಹಿಂದಿನ ಅಂಗಳದಲ್ಲಿ ಮಣ್ಣು ಸೇರಿದವು. ಹೂಳಲು ಇವರೂ ಕೈಹಾಕಿದ್ದಾರೆ. ಕೆಲಸ ಮಾಡಿದ್ದು ನೋಡಿ ಆಶ್ಚರ್ಯವಾಯಿತು.

ಇವತ್ತು ನೋಡಿದರೆ ತೋಟೆಯ ಡಬ್ಬಿ ಜಾಗದಲ್ಲಿಲ್ಲ. ಇವರ ಟ್ರಂಕಿನಲ್ಲಿದೆಯಂತೆ. ಬೀಗ. ಕೀ ಇವರ ಸೊಂಟದ ಉಡಿದಾರದಲ್ಲಿ.

“ಕೋವಿ ನಿನ್ನ ಹತ್ರ ಇರ್ಲಿ. ತೋಟೆ ನನ್ನ ಹತ್ರ ಇರ್ತದೆ. ನಿನ್ನ ಸಿಟ್ಟು ನಂಗೆ ಗೊತ್ತುಂಟಲ್ಲ.”

“ಅವರು ಬಂದಾಗ ಏನು ಹೇಳ್ಲಿ? ಒಂದು ನಿಮಿಷ ನಿಲ್ಲಿ, ಇವರು ಕೀ ಹುಡುಕ್ತಿದ್ದಾರೆ ಅಂತಲಾ?”

“ಬಂದ್ರೆ ನಾನು ಕೊಡ್ತೇನೆ.”

ಕೊಡುತ್ತಾರಂತೆ! ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಜಾತಿ. ಊರಲ್ಲಿ ಹೊಲಿಗೆ ಮೆಷಿನ್ ತಂದುಕೊಟ್ಟು ಸೂಜಿಯನ್ನು ತಾನಿಟ್ಟುಕೊಂಡ ಗಂಡನನ್ನು ಯಾರಾದರೂ ಕಂಡಿದ್ದಾರೆಯೇ? ನಾನು ಕಂಡೆ.

ಮಾತು ಬಿಟ್ಟಿದ್ದೇನೆ.

ಸೆಪ್ಟೆಂಬರ್ 27, ಗುರುವಾರ

ಹೆಸರು ಬಂತು! ಭಾನುವಾರ ಬೆಳಿಗ್ಗೆ ಬಸ್ಸು. ಸಾಲ್ಮಿಯಾದ ಒಂದು ಶಾಲೆಯ ಎದುರಿನಿಂದ. ಒಬ್ಬರಿಗೆ ಒಂದು ಬ್ಯಾಗ್.

ಮಾತು ಬಿಟ್ಟದ್ದು ಮರೆತು ಇವರ ಕೈ ಹಿಡಿದೆ. ಇವರೂ ಅತ್ತರು. ಅಶ್ಮಿತಾಳ ತಲೆಗೆ ಎಣ್ಣೆ ಹಚ್ಚಿದೆ, ಈ ಸಲ ಬೇಡ ಎನ್ನಲಿಲ್ಲ.

ನಾಳೆ ಆಯುಧ ಪೂಜೆ. ಮಾಡಲೇಬೇಕು ಎಂದು ದೇಜಪ್ಪಣ್ಣನ ಹಠ. “ಹೋಟೆಲು ಹೋಯ್ತು, ಚೂರಿಗಳಾದ್ರೂ ಉಳಿದಿದ್ದಾವೆ ಮೋಹಿನಿ. ಅವಕ್ಕೊಂದು ಕುಂಕುಮ ಇಡುವಾ.” ಆಗಲಿ ಎಂದೆ. ಮನೆಯಲ್ಲಿ ಗಂಟೆಯ ಸದ್ದು ಕೇಳಿ ಎಷ್ಟು ಕಾಲವಾಯಿತು.

ಸೆಪ್ಟೆಂಬರ್ 28, ಶುಕ್ರವಾರ. ಸಂಜೆ, ಸಾಲ್ಮಿಯಾ

ಎಲ್ಲ ಬರೆದಿಡಬೇಕು.

ಬೆಳಿಗ್ಗೆ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಕಟೀಲಮ್ಮನ ಫೋಟೋದ ಎದುರು ದೇಜಪ್ಪಣ್ಣ ಎಲ್ಲ ಜೋಡಿಸಿದ್ದರು. ಹೋಟೆಲಿನ ಚೂರಿ, ಕತ್ತರಿ. ನಡುವೆ ಕೋವಿ! ಸೋಫಾದಿಂದ ತೆಗೆದು, ಜೋಡಿಸಿ, ಒರೆಸಿ, ನಳಿಗೆಗೆ ಕುಂಕುಮ ಹಚ್ಚಿ, ಪ್ಲಾಸ್ಟಿಕ್ ಸೇವಂತಿಗೆಯ ಮಾಲೆ. ಪಕ್ಕದಲ್ಲಿ ತೋಟೆಯ ಡಬ್ಬಿ. ಪೂಜೆಗೆ ತಾನೇ ಎಂದು ಇವರೇ ತೆಗೆದುಕೊಟ್ಟು ಖುಬ್ಬೂಸ್ ಕ್ಯೂಗೆ ಹೋಗಿದ್ದರು.

ಬಾಯಿಗೆ ಬಂದಂತೆ ಬೈದೆ. ಈಗಲೇ ಒಳಗಿಡಿ ಎಂದೆ.

“ಪೂಜೆಗಿಟ್ಟದ್ದನ್ನು ನಾಳೆ ಮಂಗಳಾರತಿವರೆಗೆ ಮುಟ್ಲಿಕ್ಕಿಲ್ಲ. ಬೆಡಿ ಆದ್ರೂ ಅಷ್ಟೇ, ಚೂರಿ ಆದ್ರೂ ಅಷ್ಟೇ. ಆಯುಧಕ್ಕೂ ಒಂದು ದಿನ ರಜೆ ಬೇಡ್ವಾ? ಒಂದು ದಿನ ಅಲ್ವಾ ಮೋಹಿನಿ.”

ಊರಿನಲ್ಲಿ ಅಪ್ಪನ ಕೋವಿಗೂ ಹೀಗೇ ಮಾಡುತ್ತಿದ್ದೆವು. ಆ ದಿನ ಹಂದಿ ಬಂದರೆ ಬರಲಿ ಎಂದು ಬಿಡುತ್ತಿದ್ದರು. ಅದು ಹಂದಿ.

ಹನ್ನೊಂದರ ಹೊತ್ತಿಗೆ ಬಾಗಿಲು ಒದ್ದರು. ದೇಜಪ್ಪಣ್ಣ ಹೆಗಲ ಶಾಲನ್ನು ಕೋವಿಯ ಮೇಲೆ ಹಾಕಿದರು, ಅಷ್ಟೇ. ಬಂದವನು ಒಬ್ಬನೇ, ಮೀಸೆಯವನು. ಕೆಳಗೆ ಲಾರಿಯಲ್ಲಿ ಉಳಿದವರ ಗದ್ದಲ. ಫೋಟೋ, ದೀಪ, ಶಾಲು ನೋಡಿ ಏನಿದು ಎಂದು ಕೇಳಿದ. “ಅಲ್ಲಾ, ಅಲ್ಲಾ ಹಿಂದಿ,” ಎಂದು ಕೈಮುಗಿದರು ದೇಜಪ್ಪಣ್ಣ. ಅವನು ನಕ್ಕ. ರೈಫಲನ್ನು ಬಾಗಿಲ ಬದಿಗೆ ಒರಗಿಸಿ ಟಿ.ವಿ. ಎತ್ತಿಕೊಂಡ. ಹೋಗಲಿ, ಪೀಡೆ ತೊಲಗಲಿ, ಎಂದುಕೊಂಡೆ.

ಆಗ ಅಶ್ಮಿತಾಳ ಕಡೆ ಗಲ್ಲ ಎತ್ತಿದ. ವಿ.ಸಿ.ಆರ್. ತೋರಿಸಿದ. “ಯಲ್ಲಾ, ಬಿಂತ್.” ಎತ್ತಿಕೊಂಡು ಕೆಳಗೆ ಬಾ ಹುಡುಗಿ.

“ನಾನು ತರ್ತೇನೆ,” ಎಂದು ದೇಜಪ್ಪಣ್ಣ ಮುಂದೆ ಬಂದರು. ಕಾಲಿನಿಂದ ತಳ್ಳಿದ. “ಲಾ. ಬಿಂತ್.”

ಮಗಳು ಬಗ್ಗಿ ವಿ.ಸಿ.ಆರ್. ಎತ್ತಿಕೊಂಡಳು! ಹೆದರಿಕೆಗೆ ಹೇಳಿದ್ದನ್ನು ಕೇಳಿಬಿಟ್ಟಳು. ಬಾಗಿಲ ಕಡೆ ಹೆಜ್ಜೆ ಹಾಕಿದಳು.

ಶಾಲು ಎಳೆದೆ. “ಮುಟ್ಬೇಡ, ಪೂಜೆಗಿಟ್ಟದ್ದು!” ಎಂದು ದೇಜಪ್ಪಣ್ಣ ನೆಲದಿಂದಲೇ ನನ್ನ ಸೆರಗು ಹಿಡಿದರು. ಈ ಜನ್ಮದಲ್ಲಿ ಮರೆಯುವುದಿಲ್ಲ ಅದನ್ನು. ಕೊಡವಿಕೊಂಡೆ. ಕೋವಿ ಮಡಚಿದೆ, ಡಬ್ಬಿಗೆ ಕೈಹಾಕಿದೆ. ತೋಟೆ ಒಳಗೆ ಹೋಗಲಿಲ್ಲ. ಒತ್ತಿದೆ. ಹೋಗಲಿಲ್ಲ. ನೋಡಿದರೆ ಕೆಂಪು. ಡಬ್ಬಿ ತುಂಬ ಕೆಂಪು. ಅಮೇರಿಕದ್ದಕ್ಕೆ ಹಾಕುವುದು.

ಬರಿದೇ ಮುಚ್ಚಿದೆ. ಹೆಗಲಿಗೆ ಏರಿಸಿ ಅವನ ಎದೆಗೆ ಹಿಡಿದೆ. ಪ್ಲಾಸ್ಟಿಕ್ ಮಾಲೆ ನಳಿಗೆಯಲ್ಲಿ ಇನ್ನೂ ನೇತಾಡುತ್ತಿತ್ತು. “ಬಿಂತ್ ಲಾ. ಖಲಾಸ್. ಹೊರಗೆ ನಡೆ!” ಎಂದು ಯಾವ ಭಾಷೆಯಲ್ಲಿ ಕಿರುಚಿದೆನೋ ಗೊತ್ತಿಲ್ಲ. ಅವನ ಎರಡೂ ಕೈಯಲ್ಲಿ ಟಿ.ವಿ. ಮುಖ ಬಿಳುಚಿತು. ಕೊನೆಗೆ ದೇಜಪ್ಪಣ್ಣನಿಗೂ ಜೀವ ಬಂತು. ರೈಫಲನ್ನು ಮೆಟ್ಟಿಲ ಕೆಳಕ್ಕೆ ಒದ್ದರು. ಅವನು ಟಿ.ವಿ. ಹೊತ್ತುಕೊಂಡೇ ಹಿಂದೆ ಹಿಂದೆ ನಡೆದು ಇಳಿದ.

ಕಟ್ಟಿಟ್ಟಿದ್ದ ಬ್ಯಾಗ್ ಎತ್ತಿಕೊಂಡು ಹಿಂದಿನ ಮೆಟ್ಟಿಲಲ್ಲಿ ಓಡಿದೆವು. ಕೋವಿ ಅಂಗಳದ ನೀರಿನ ಟ್ಯಾಂಕಿಗೆ. ನೊರ್ಬರ್ಟ್ ಕಾರು ತೆಗೆದ, ಒಂದೂ ಪ್ರಶ್ನೆ ಕೇಳಲಿಲ್ಲ. ನಮ್ಮನ್ನು ಶಾಲೆಯಲ್ಲಿ ಇಳಿಸಿ, ಕ್ಯೂನಿಂದ ಇವರನ್ನೂ ಕರೆತಂದ. ಅವನನ್ನು ಪಂಡಿತ ಎಂದು ಹಂಗಿಸಿದ್ದನ್ನು ವಾಪಸ್ ತೆಗೆದುಕೊಂಡಿದ್ದೇನೆ.

ಅಶ್ಮಿತಾ ನನ್ನ ತೊಡೆಯ ಮೇಲೆ ಮಲಗಿದ್ದಾಳೆ. ಒಂದು ಕೈ ಅವಳ ತಲೆಯ ಮೇಲಿದೆ.

ಇವರು ಡಬ್ಬಿ ಅದಲುಬದಲು ಮಾಡಿದ್ದಾರೆ. ಅಷ್ಟು ಹೇಳಿಕೊಟ್ಟರೂ. ಪೆದ್ದ! ಪೆದ್ದ!

ಸೆಪ್ಟೆಂಬರ್ 29, ಶನಿವಾರ

ಪೆದ್ದನಲ್ಲ.

ಶಾಲೆಯ ವರಾಂಡದಲ್ಲಿ ಕೇಳಿದೆ: ಹಳದಿ, ಕೆಂಪು ಅಂತ ಅಷ್ಟು ಹೇಳಿದ್ದೆನಲ್ಲ, ಹೇಗೆ ತಪ್ಪಿತು?

ಕೆಳಗೆ ನೋಡುತ್ತಾ ಹೇಳಿದರು, “ತಪ್ಪಿದ್ದಲ್ಲ.”

ಹೂಳಲು ಹೋದ ದಿನ ಹಳದಿಯನ್ನು ಮಣ್ಣಿಗೆ ಹಾಕಿ ಡಬ್ಬಿಗೆ ಕೆಂಪು ತುಂಬಿಸಿ ತಂದದ್ದಂತೆ. ಹಾಕಿದರೂ ಹೋಗುವುದಿಲ್ಲ ಎಂದು ಹೇಳಿಕೊಟ್ಟವಳು ನಾನೇ ಅಲ್ಲವೇ!

“ನೀನು ಹೊಡೀತಿ ಅಂತ ಗೊತ್ತಿತ್ತು ಮೋಹಿನಿ. ಹೊಡೆದಿದ್ರೆ? ಕೆಳಗೆ ಲಾರಿ ತುಂಬ ಜನ. ನೀನಿಲ್ಲ, ಮಗಳಿಲ್ಲ, ಇಡೀ ಬಿಲ್ಡಿಂಗ್ ಇಲ್ಲ. ಈಗ ಎಲ್ರೂ ಇದ್ದೇವಲ್ಲ? ನಾನು ಮಾಡಿದ್ದು ಸರಿಯೇ ಆಯ್ತಲ್ಲ?”

ಸರಿಯೇ ಇರಬಹುದು. ಅದಕ್ಕೇ ಇನ್ನೂ ಹೆಚ್ಚು ಉರಿಯುತ್ತಿದೆ. ಹೊಡೆಯುತ್ತಿದ್ದೆನೋ, ಬರೀ ಹಿಡಿದು ನಿಲ್ಲುತ್ತಿದ್ದೆನೋ, ನನಗೇ ಗೊತ್ತಿಲ್ಲ. ಇನ್ನು ಯಾವತ್ತೂ ಗೊತ್ತಾಗುವುದಿಲ್ಲ. ಹೊಡೆಯದೆ ಇರುವುದನ್ನೂ ನಾನೇ ತೀರ್ಮಾನಿಸಬೇಕಿತ್ತು. ನನ್ನೆದುರು ಬೇಡ ಎಂದಿದ್ದರೆ ಜಗಳವಾಡುತ್ತಿದ್ದೆ. ಸೋಲುತ್ತಿದ್ದೆನೋ ಏನೋ. ಸೋತಿದ್ದರೆ ಬೇರೆ ಏನಾದರೂ ಮಾಡಿಕೊಳ್ಳುತ್ತಿದ್ದೆ, ಮಗಳನ್ನು ಬೇರೆ ಕಡೆ ಕಳಿಸುತ್ತಿದ್ದೆ. ಇವರು ಜಗಳಕ್ಕೂ ಅವಕಾಶ ಕೊಡಲಿಲ್ಲ. ಇಷ್ಟು ದಿನ ಹಲ್ಲು ಕಿತ್ತ ಹಾವನ್ನು ಸೋಫಾದಲ್ಲಿಟ್ಟುಕೊಂಡು, ಮಗಳಿಗೆ ಭಯವಿಲ್ಲ ಎಂದು ಮಲಗಿದೆನಲ್ಲ.

ಹೆಂಗಸಿಗೆ ತಕ್ಕ ಕೋವಿ ಯಾವುದೆಂದು ಕೊನೆಗೂ ಇವರೇ ಆರಿಸಿದ್ದು.

“ಕೋಪವಾ?” ಎಂದು ಕೇಳಿದರು. ಎದ್ದು ಮಗಳ ಬಳಿಗೆ ಹೋದೆ.

ಸೆಪ್ಟೆಂಬರ್ 30, ಭಾನುವಾರ. ಬಸ್ಸಿನಲ್ಲಿ

ಕಿಟಕಿಗೆ ಅಶ್ಮಿತಾ, ನಡುವೆ ನಾನು. ಮೂರನೇ ಸೀಟಿನಲ್ಲಿ ನನ್ನ ಬ್ಯಾಗ್.

ಇವರು ಪಕ್ಕದಲ್ಲಿ ನಿಂತಿದ್ದಾರೆ. ಬಸ್ಸು ತುಂಬಿದೆ, ಬೇರೆ ಸೀಟಿಲ್ಲ. “ಅಮ್ಮಾ, ಪ್ಲೀಸ್. ಮೂವ್ ದ ಬ್ಯಾಗ್,” ಎಂದು ಮಗಳು ಮೊಣಕೈಯಲ್ಲಿ ತಿವಿಯುತ್ತಿದ್ದಾಳೆ. ಹಿಂದಿನ ಸೀಟಿನಿಂದ ದೇಜಪ್ಪಣ್ಣ, “ಪಾಪ, ಬಾಗ್ದಾದಿನವರೆಗೆ ನಿಂತುಕೊಂಡೇ ಹೋಗ್ಲಿಕ್ಕುಂಟಾ ಮಾರಾಯ್ತಿ?” ಎನ್ನುತ್ತಿದ್ದಾರೆ. ಡ್ರೈವರ್ ಎಂಜಿನ್ ಶುರು ಮಾಡಿದ. ಎಲ್ಲರೂ ನನ್ನ ಮುಖ ನೋಡುತ್ತಿದ್ದಾರೆ.

ಬ್ಯಾಗ್ ತೆಗೆಯುವುದಿಲ್ಲ ಎಂದೇನೂ ಇಲ್ಲ. ತೆಗೆಯುತ್ತೇನೆ. ಅದಕ್ಕೆ ಮೊದಲು ಇವರು ಎಲ್ಲರ ಎದುರು, ಮಗಳ ಎದುರು, ಒಂದು ಸಲ ಹೇಳಲಿ, ನಿನ್ನನ್ನು ಕೇಳದೆ ತೋಟೆ ಬದಲಿಸಿದ್ದು ತಪ್ಪಾಯ್ತು ಎಂದು.