ಜಪಾನ್ ರಾಡು

ಸಾಗರ, ೨೦-೮-೧೯೩೮, ಶನಿವಾರ

ಬೆಳಿಗ್ಗೆ ಏಳಕ್ಕೆ ಕಾಫಿ. ಲೋಟ ಕುಕ್ಕಿ ಇಟ್ಟೆ. ಪಾರ್ಶ್ವರಾಜ ತಲೆ ಎತ್ತಲಿಲ್ಲ. ಗಂಡನ ಹೆಸರು ಬಾಯಲ್ಲಿ ಹೇಳಬಾರದಂತೆ. ಬರೆಯಬಾರದು ಅಂತ ಯಾರೂ ಹೇಳಿಲ್ಲ. ಪಾರ್ಶ್ವರಾಜ. ಪಾರ್ಶ್ವರಾಜ. ಅದೂ ಏಕವಚನದಲ್ಲಿ.

ಮಾತು ಬಿಟ್ಟು ನಾಲ್ಕು ತಿಂಗಳಾಯಿತು. ಹೂಂ, ಉಹೂಂ — ಅಷ್ಟೇ. ಅತ್ತೆಗೆ ಕಾರಣ ಗೊತ್ತು. ಗೊತ್ತಿಲ್ಲದವರ ಹಾಗೆ ಜಪಮಣಿ ಎಣಿಸುತ್ತಾರೆ.

ನಮ್ಮ ಬಸ್ಸಿನ ರಿಪೇರಿ ಮುಗಿಯುತ್ತಾ ಬಂತು. ಹೊಸ ಡ್ರೈವರ್ ಹೂವಯ್ಯ ಅಂಗಳದಲ್ಲಿ ಬಣ್ಣ ಬಳಿಯುತ್ತಿದ್ದ. ಸಾಗರ – ಹೊಸನಗರ – ತೀರ್ಥಹಳ್ಳಿ. ಮೊದಲು ಆ ಅಕ್ಷರ ಬರೆದವನು ನನ್ನ ತಮ್ಮ ಶಾಂತರಾಜ. ಅವನೇ ಡ್ರೈವರ್ ಆಗಿದ್ದ. ನೋಡಲಾಗದೆ ಒಳಗೆ ಬಂದೆ.

೨೩-೮-೩೮

ಹೊಸನಗರದಿಂದ ಅಮ್ಮ ಹೇಳಿಕಳಿಸಿದ್ದಾಳೆ. ಶಾಂತನಿಗೆ ಗೊತ್ತುಮಾಡಿದ್ದ ಹೆಣ್ಣಿನ ಕಡೆಯವರು ಒಲ್ಲೆವು ಅಂದರಂತೆ. ಕುಡುಕನಿಗೆ ಮಗಳನ್ನು ಕೊಡುವುದಿಲ್ಲವಂತೆ.

ಕುಡುಕ! ಮದ್ಯ, ಮಾಂಸ, ಮಧು ಮೂರೂ ಮುಟ್ಟದ ಮನೆ ನಮ್ಮದು. ಕೆಮ್ಮಿಗೆ ಅಂತ ಪಂಡಿತರು ಜೇನುತುಪ್ಪ ಕೊಟ್ಟರೆ ಬೇಡವೆಂದು ತಿಂಗಳುಗಟ್ಟಲೆ ಕೆಮ್ಮಿದ ಹುಡುಗ.

ಬರೆದೇ ಬಿಡುತ್ತೇನೆ. ಏಪ್ರಿಲ್‌ನಲ್ಲಿ ಬಸ್ಸಿನ ಸ್ಟೇರಿಂಗ್ ರಾಡು ಸವೆದಿತ್ತು. ಶಿವಮೊಗ್ಗದ ಏಜೆಂಟ್ ಮುಕುಂದಯ್ಯ ಎರಡು ರಾಡು ತಂದು ಜಗಲಿಯ ಮೇಲಿಟ್ಟ. ಒಂದು ಕಂಪೆನಿ ಮಾಲು. ಇನ್ನೊಂದು ಜಪಾನ್ ಮಾಲು, ಬೆಲೆ ಮೂರರಲ್ಲಿ ಒಂದು ಪಾಲು. ಶಾಂತ ಬೇಡಿಕೊಂಡ — ಭಾವ, ಚಕ್ರ ತಿರುಗಿಸೋದೇ ಇದು, ಇದರಲ್ಲಿ ಉಳಿಸಬೇಡಿ ಅಂತ. ಪಾರ್ಶ್ವರಾಜ ಎರಡನ್ನೂ ಎರಡು ಕೈಯಲ್ಲಿ ತೂಗಿದ. ಕಬ್ಬಿಣ ಕಬ್ಬಿಣವೇ ಅಂದ. ಜಪಾನಿನದು ಹಾಕಿಸಿದ.

ಹದಿನೈದು ದಿನವೂ ಬಾಳಲಿಲ್ಲ. ತೀರ್ಥಹಳ್ಳಿಗೆ ಮುಂಚಿನ ಇಳಿಜಾರಿನಲ್ಲಿ ತುಂಡಾಯಿತು. ಬಸ್ಸು ಹಳ್ಳಕ್ಕೆ. ಸತ್ತವರಿಲ್ಲ, ಕೈಕಾಲು ಮುರಿದವರಿದ್ದರು. ತೀರ್ಥಹಳ್ಳಿ ಠಾಣೆಯಲ್ಲಿ ಪಾರ್ಶ್ವರಾಜ ಬರೆಸಿದ್ದು ಒಂದೇ ಮಾತು — ಡ್ರೈವರ್ ಕುಡಿದಿದ್ದ. ಶಾಂತನ ಲೈಸೆನ್ಸು ಹೋಯಿತು, ಮಾನವೂ ಹೋಯಿತು. ಅವನೋ, ಅಕ್ಕನ ಸಂಸಾರ ಕೆಡುತ್ತದೆ ಅಂತ ಬಾಯಿಗೆ ಬೀಗ ಹಾಕಿಕೊಂಡ.

ಸಂಸಾರವಂತೆ ಸಂಸಾರ. ಶಾಂತನ ಹೆಸರು ತೊಳೆಯುವ ತನಕ ಇವನಿಗೆ ನೆಮ್ಮದಿ ಕೊಡುವುದಿಲ್ಲ.

೨೭-೮-೩೮

ಮುಕುಂದಯ್ಯ ಬಂದಿದ್ದ. ಮತ್ತೆ ಎರಡು ರಾಡು, ಅದೇ ಜಗಲಿ. ಬಾಗಿಲ ಹಿಂದೆ ನಿಂತಿದ್ದೆ. ಜಪಾನಿನದು ಈಗ ಇನ್ನೂ ಸೋವಿ ಅಂತ ಅವನು ಶುರುಮಾಡಿದ. ಪಾರ್ಶ್ವರಾಜ ತಡೆದ.

"ಅದನ್ನ ಆಚೆ ಇಡಿ. ಹಬ್ಬ ಕಳೀತಿದ್ದಂಗೆ ಅಮ್ಮನ್ನ ಹೊಂಬುಜದ ಯಾತ್ರೆಗೆ ಕರ್ಕಂಡು ಹೋಗ್ಬೇಕು. ಅಮ್ಮ ಕೂರೋ ಗಾಡಿ. ಕಂಪೆನೀದೇ ಕೊಡಿ."

ಬೆಂಕಿ ಬಿತ್ತು ಮೈಗೆ. ನನ್ನ ತಮ್ಮನ ಜೀವಕ್ಕೆ ಜಪಾನು. ಇವನ ತಾಯಿಯ ಜೀವಕ್ಕೆ ಕಂಪೆನಿ. ಪಾಪ, ತಿಳಿಯದೆ ಮಾಡಿದನೇನೋ ಎಂಬ ಒಂದು ಎಳೆ ಇಷ್ಟು ದಿನ ಮನಸ್ಸಿನಲ್ಲಿತ್ತು. ಇವತ್ತು ಅದೂ ಹರಿಯಿತು. ಆಗಲೂ ಗೊತ್ತಿತ್ತು ಇವನಿಗೆ.

ಸಾರಿಗೆ ಉಪ್ಪು ಹಾಕಲಿಲ್ಲ. ಸುಮ್ಮನೆ ಉಂಡು ಎದ್ದ.

೩೦-೮-೩೮

ದಶಲಕ್ಷಣ ಪರ್ವ ಶುರು. ಮೊದಲ ದಿನ ಉತ್ತಮ ಕ್ಷಮೆ. ಬಸದಿಯಲ್ಲಿ ಪೂಜೆ ಮಾಡುವ ಇಂದ್ರರು ಕೋಪ ಬಿಡಿ ಅಂದರು. ಹಸಿರು ತರಕಾರಿ ಬಿಟ್ಟಿದ್ದೇನೆ, ಒಪ್ಪೊತ್ತು ಊಟ. ಕೋಪ ಮಾತ್ರ ಬಿಡೆ.

ಪರ್ವ ಮುಗಿದರೆ ಕ್ಷಮಾವಣಿ. ಅವತ್ತು ಎಲ್ಲರೂ ಎಲ್ಲರ ಎದುರು ಕೈಮುಗಿದು ಕ್ಷಮೆ ಕೇಳಬೇಕು. ಗಂಡನೂ ಹೆಂಡತಿಯ ಮುಂದೆ ನಿಲ್ಲಬೇಕು. ನಿಲ್ಲಲಿ.

ಶಾಂತನಿಗೆ ಬಾ ಅಂತ ಹೇಳಿಕಳಿಸಿದೆ. ಬರುವುದಿಲ್ಲವಂತೆ, ಜನ ಬೆರಳು ತೋರಿಸುತ್ತಾರಂತೆ. ಅಕ್ಕನ ಆಣೆ ಅಂತ ಮತ್ತೆ ಹೇಳಿಕಳಿಸಿದೆ.

೪-೯-೩೮

ಉಪವಾಸ. ನಮ್ಮ ಸೊಸೆ ವಾರಿಜಾಕ್ಷಿಯ ಮುಖದಲ್ಲಿ ಎಂಥ ಕಳೆ ಬಂದಿದೆ ನೋಡಿ ಅಂತ ಅತ್ತೆ ಬಸದಿಯಲ್ಲಿ ಎಲ್ಲರಿಗೂ ಹೇಳಿದರು. ಒಳಗೆ ಕತ್ತಿ ಮಸೆಯುತ್ತಿದ್ದೇನೆ, ಅತ್ತೆ.

೧೦-೯-೩೮, ಕ್ಷಮಾವಣಿ, ಮಧ್ಯಾಹ್ನ

ಬಸದಿಯಿಂದ ಬಂದವಳು ಸೀರೆಯನ್ನೂ ಬದಲಿಸದೆ ಬರೆಯಲು ಕೂತೆ.

ಬಸದಿ ತುಂಬಿತ್ತು. ಶಾಂತ ಬಂದಿದ್ದ, ಕಂಬಕ್ಕೆ ಒರಗಿ ಒಬ್ಬನೇ. ಎಲ್ಲರೂ ಅತ್ತಿತ್ತ ಕೈಮುಗಿಯುತ್ತಿದ್ದರು, ಅವನ ಹತ್ತಿರ ಯಾರೂ ಸುಳಿಯಲಿಲ್ಲ. ಪಾರ್ಶ್ವರಾಜ ಹಿರಿಯರಿಗೆಲ್ಲ ಮುಗಿದು ನನ್ನೆದುರು ಬಂದ. ತಿಳಿದೋ ತಿಳಿಯದೆಯೋ ಮಾಡಿದ ತಪ್ಪನ್ನು ಕ್ಷಮಿಸಬೇಕು ಅಂತ ಒಪ್ಪಿಸಿದ, ಪಾಠ ಒಪ್ಪಿಸಿದ ಹಾಗೆ.

ನಾಲ್ಕು ತಿಂಗಳ ಮೇಲೆ ಬಾಯಿ ಬಿಟ್ಟೆ. "ತಿಳೀದೆ ಮಾಡಿದ್ದನ್ನೆಲ್ಲ ಈಗಲೇ ಕ್ಷಮಿಸ್ದೆ. ತಿಳಿದು ಮಾಡಿದ್ದು ಯಾವುದು? ಅದನ್ನ ಹೇಳಿ."

ಅತ್ತೆ ಸೆರಗು ಜಗ್ಗಿದರು. ನಾನು ಕದಲಲಿಲ್ಲ. ಇವನ ಹಣೆಯಲ್ಲಿ ಬೆವರು. ತಿರುಗಿ ಹೋಗುತ್ತಾನೆ ಅಂದುಕೊಂಡೆ. ಹೋಗಲಿಲ್ಲ. ನೆಲ ನೋಡುತ್ತಾ ಹೇಳಿದ. "ಶಾಂತ ಕುಡಿದಿರ್ಲಿಲ್ಲ. ರಾಡು ಜಪಾನಿಂದು. ಬೇಡ ಅಂತ ಅವನು ಬಡ್ಕಂಡ. ನಾನೇ ಹಾಕ್ಸಿದ್ದು. ಅವನ ಮೇಲೆ ಹಾಕಿದ್ದೂ ನಾನೇ."

ಶಾಂತ ಓಡಿ ಬಂದು ಭಾವನ ಕೈ ಹಿಡಿದುಕೊಂಡ. ಆಯ್ತು ಭಾವ, ಮುಗೀತು ಅಂದ. ಅಳುತ್ತಿದ್ದ. ಮಂಕುದಿಣ್ಣೆ! ಇಷ್ಟು ಬೇಗ! ತಮ್ಮನಿಗೇ ಒಂದು ನಾಲ್ಕು ಬಾರಿಸಬೇಕು ಅನ್ನಿಸಿತು.

ಈಗ ಎಲ್ಲರ ಕಣ್ಣೂ ನನ್ನ ಮೇಲೆ. ಕ್ಷಮಿಸಿದೆ ಅನ್ನಬೇಕು, ಅದು ಕ್ರಮ. ಅನ್ನಲಿಲ್ಲ. "ಬಸದೀಲಿ ಹೇಳಿದ್ದು ಬಸದಿಗಾಯ್ತು. ಸುಳ್ಳು ಬರೆಸಿದ್ದು ಠಾಣೇಲಿ. ಅಲ್ಲಿ ಹೋಗಿ ಹೇಳಿ ಬನ್ನಿ. ನನ್ನ ಮಾತು ಆಮೇಲೆ."

ನಾನು ಹೊರಗೆ ಬಂದೆ.

೧೧-೯-೩೮, ಬೆಳಿಗ್ಗೆ

ಬಿಳಿ ಕೋಟು ಹಾಕಿಕೊಂಡು ಬಸ್ಸು ಹತ್ತಿದ. ಬರುತ್ತೇನೆ ಅಂದ. ಹೂಂ ಅಂದೆ. ನೋಡೋಣ. ಹೊಸನಗರದಲ್ಲೇ ಇಳಿದು ಯಾರದೋ ಮನೆಯಲ್ಲಿ ಉಂಡು ಮಲಗಿ ವಾಪಸು ಬರುವ ಗಿರಾಕಿ.

ಅದೇ ದಿನ, ದೀಪ ಹಚ್ಚಿದ ಮೇಲೆ

ಬಸ್ಸು ಬಂತು. ಹೂವಯ್ಯ ಒಬ್ಬನೇ ಇಳಿದ. ಅಂಗಳದಲ್ಲೇ ನಿಂತು ಹೇಳಿದ.

"ಸಾವ್ಕಾರ್ರು ಎಲ್ಲಾ ಬರೆಸಿದ್ರು ಅಮ್ಮ. ಶಾಂತಯ್ಯೋರದ್ದು ತಪ್ಪಿಲ್ಲ ಅಂತ ಪೊಲೀಸ್ನೋರು ಬರ್ಕಂಡ್ರು. ಆದ್ರೆ ಸುಳ್ಳು ಹೇಳ್ಕೆ ಕೊಟ್ಟಿದ್ದಕ್ಕೆ ಇವ್ರನ್ನ ಬಿಡ್ಲಿಲ್ಲ. ನಾಳೆ ಅಮಲ್ದಾರ್ರ ಮುಂದೆ ನಿಲ್ಲಿಸ್ತಾರಂತೆ. ಅಮ್ಮೋರು ಏನಾದ್ರೂ ಹೇಳ್ತಾರಾ, ಕೇಳ್ಕಂಡು ಬಾ ಅಂದ್ರು."

ಅತ್ತೆ ಎದೆ ಬಡಿದುಕೊಂಡರು. ಗಂಡನನ್ನು ಜೈಲಿಗೆ ತಳ್ಳಿದವಳು ಅಂದರು. ಹೌದು, ತಳ್ಳಿದೆ. ಇನ್ನೊಂದು ಸಲ ಬೇಕಾದರೂ ತಳ್ಳುತ್ತೇನೆ. ಶಾಂತನ ಹೆಸರು ತೊಳೆಯಿತು. ನನಗೆ ಬೇಕಾಗಿದ್ದು ಅದೇ. ಕುಣಿಯಬೇಕಿತ್ತು ನಾನು.

ಹೊತ್ತು ಮುಳುಗಿತು. ಮುಳುಗಿದ ಮೇಲೆ ಇವರು ತುತ್ತು ಮುಟ್ಟುವುದಿಲ್ಲ. ಆ ಠಾಣೆಯಲ್ಲಿ ಅದು ಯಾರಿಗೆ ಗೊತ್ತು? ಹೊತ್ತಿಗೆ ಮುಂಚೆ ಏನಾದರೂ ಕೊಟ್ಟರೋ ಇಲ್ಲವೋ. ಕೇಳಿ ಪಡೆಯುವ ಜನವಲ್ಲ ಇವರು. ಬಿದ್ದಿರಲಿ. ಒಂದು ರಾತ್ರಿ ಹಸಿದರೆ ಯಾರೂ ಸಾಯುವುದಿಲ್ಲ.

ಬುತ್ತಿಗೆ ಅಕ್ಕಿ ಆರಿಸಿಟ್ಟೆ. ಹೂವಯ್ಯ ಇನ್ನೂ ಅಂಗಳದಲ್ಲೇ ನಿಂತಿದ್ದ, ಏನು ಹೇಳಲಿ ಅಂತ ಮತ್ತೆ ಕೇಳಿದ. ಅದು ಬೇರೆಯವರ ಬಾಯಲ್ಲಿ ಕಳಿಸುವ ಮಾತಲ್ಲ ಅಂದೆ. ಬೆಳಗಿನ ಬಸ್ಸಿಗೆ ನಾನೇ ಹೊರಡುತ್ತೇನೆ.