ಬಳಿಯದೆ ಬಿಟ್ಟ ಚೌಕ

ಹಾಸ್ಟೆಲ್, ಚಿಕ್ಕಬಳ್ಳಾಪುರ
10-11-1964

ಪ್ರೀತಿಯ ಅತ್ತಿಗೆಗೆ ನಮಸ್ಕಾರಗಳು.

ನಿಮಗೆ ಕಾಗದ ಬರೆಯುವ ಮುಖ ನನಗಿಲ್ಲ. ಆದರೂ ಬರೆಯುತ್ತಿದ್ದೇನೆ, ಕ್ಷಮಿಸಿ. ಗೌರಿಬಿದನೂರಿನ ನಿಮ್ಮ ತವರಿನಲ್ಲಿ ಎಲ್ಲರೂ ಕ್ಷೇಮವೇ? ಪುಟ್ಟಿಯ ಉಬ್ಬಸ ಹೇಗಿದೆ? ಚಳಿ ಶುರುವಾಗಿದೆ, ಎದೆ ಬೆಚ್ಚಗಿರಲಿ. ತಾಯಿಗೆ ನಾನು ಹೇಳಿಕೊಡಬೇಕೇ!

ದಸರಾ ರಜೆಗೆ ಶಿಡ್ಲಘಟ್ಟದ ಮನೆಗೆ ಬಂದವನು, ಕಾಲೇಜಿನಲ್ಲಿ ಆಗತಾನೇ ಕಲಿತ ಹೆರಿಡಿಟಿ ಚಾರ್ಟನ್ನು, ಅಂದರೆ ವಂಶದ ನಕ್ಷೆಯನ್ನು, ರೇಷ್ಮೆ ನೂಲು ತೆಗೆಯುವ ಕೋಣೆಯ ಗೋಡೆಗೆ ಇದ್ದಿಲಿನಲ್ಲಿ ಬರೆದೆನಲ್ಲ. ಹೆಂಗಸರಿಗೆ ಸೊನ್ನೆ, ಗಂಡಸರಿಗೆ ಚೌಕ, ಉಬ್ಬಸವಿದ್ದವರಿಗೆ ಕಪ್ಪು. ನಿಮ್ಮ ತಾಯಿಯ ಸೊನ್ನೆ ಬಳಿದೆ, ಪುಟ್ಟಿಯದೂ ಬಳಿದೆ. ನಿಮ್ಮ ತಂದೆಯನ್ನೂ ನನ್ನ ಅಮ್ಮನನ್ನೂ ಹೆತ್ತ ಅಕ್ಕಯ್ಯಮ್ಮಜ್ಜಿಯ ಸೊನ್ನೆಗೆ ಕೈಯಿಟ್ಟಾಗ ಅಮ್ಮ, “ಏ, ಅದು ರೋಗ ಅಲ್ಲ ಕಣಪ್ಪ, ಗೂಡು ಬೇಯ್ಸಿ ಬೇಯ್ಸಿ ಹಬೆ ಕುಡ್ದು ಬಂದಿದ್ದು” ಎಂದರು. ನಾನು ಕೈ ತೆಗೆದೆ. “ನೋಡ್ರಪ್ಪ, ಓದಿದೋನೇ ಹೇಳ್ತಾನೆ, ಅವಳಮ್ಮನ ಕಡೆಯಿಂದ ಬಂದೈತೆ” ಎಂದು ಅಮ್ಮ ಕೇರಿಗೆಲ್ಲ ಸಾರಿದರು. ಅಣ್ಣ ತಲೆ ತಗ್ಗಿಸಿ ನೂಲು ಸುತ್ತುತ್ತಿದ್ದ. ವಾರದೊಳಗೆ ನಿಮ್ಮನ್ನೂ ಮಗುವನ್ನೂ ಬಸ್ಸು ಹತ್ತಿಸಿದರು. ಟ್ರಂಕು ಎತ್ತಿಕೊಟ್ಟವನೂ ನಾನೇ.

ಮೊನ್ನೆ ಆ ಚಾರ್ಟನ್ನು ಕಾಗದದ ಮೇಲೆ ಬರೆದು ಲೆಕ್ಚರರಿಗೆ ತೋರಿಸಿದೆ, ಹಬೆಯ ಬಗ್ಗೆ ಅಮ್ಮ ಅಂದದ್ದನ್ನೂ ಹೇಳಿದೆ. “ಜೀನು ಅಪ್ಪನಿಂದಲೂ ಬರುತ್ತೆ, ಅಮ್ಮನಿಂದಲೂ ಬರುತ್ತೆ ಕಣಯ್ಯ. ಬರೋದು ರೋಗವಲ್ಲ, ಬೇಗ ತಗಲೋ ಗುಣ. ಹೊಗೆ, ಹಬೆ ಸೇರಿದ್ರೆ ಎದ್ದು ಕೂರುತ್ತೆ. ಒಲೆ ಮುಂದೆ ಅಷ್ಟು ಜನ ಕೂತಿದ್ರಲ್ಲ, ನಿಮ್ಮಜ್ಜಿಗೇ ಯಾಕೆ ಬಂತು?” ಎಂದರು. ಅಜ್ಜಿಯ ಪಕ್ಕದಲ್ಲೇ ಮೂವತ್ತು ವರ್ಷ ಅದೇ ಹಬೆ ಕುಡಿದ ಚಿಕ್ಕಮುನಿಯಮ್ಮ ಇವತ್ತಿಗೂ ಅಷ್ಟು ದೂರದ ಕೈವಾರಕ್ಕೆ ಏದುಸಿರಿಲ್ಲದೆ ನಡೆದೇ ಹೋಗುತ್ತಾಳೆ. ಪುಟ್ಟಿಗೆ ಬಂದದ್ದು ಯಾವ ಕಡೆಯಿಂದ ಎಂದು ಯಾರೂ ಹೇಳಲಾರರು. ನಾನು ಮಾತ್ರ ಹೇಳಿಬಿಟ್ಟೆ.

ನಿಮ್ಮ ತಾಯಿಯ ಕಾಲಿಗೆ ನನ್ನ ನಮಸ್ಕಾರ ತಿಳಿಸಿ. ಪುಟ್ಟಿಗೆ ಮುತ್ತು.

ನಿಮ್ಮ ಮೈದುನ,
ವೆಂಕಟೇಶ್

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಗೋಡೆಯ ಮೇಲೆ ನನ್ನ ಚೌಕವನ್ನೂ ಖಾಲಿ ಬಿಟ್ಟಿದ್ದೆ. ನನಗೂ ಉಬ್ಬಸವಿದೆ ಅತ್ತಿಗೆ. ಹತ್ತನೇ ವಯಸ್ಸಿಗೇ ಹಾಸ್ಟೆಲ್ ಸೇರಿಸಿದ್ದು ಓದಿಗಲ್ಲ, ನಾಳೆ ಹೆಣ್ಣು ಕೊಡುವವರಿಗೆ ತಿಳಿಯಬಾರದೆಂದು. ಅಮ್ಮನಿಗೆ ಗೊತ್ತು, ಅಣ್ಣನಿಗೂ ಗೊತ್ತು. ಈ ಭಾನುವಾರ ಊರಿಗೆ ಹೋಗಿ ಅಜ್ಜಿಯ ಸೊನ್ನೆಯನ್ನೂ ನನ್ನ ಚೌಕವನ್ನೂ ಎಲ್ಲರೆದುರು ಬಳಿಯುತ್ತೇನೆ. ಪುಟ್ಟಿಯ ತೊಟ್ಟಿಲು ಒಲೆಯ ಕೋಣೆಯ ಹತ್ತಿರ ಇರಕೂಡದೆಂದೂ ಹೇಳುತ್ತೇನೆ. ಆಮೇಲೆ ಅಣ್ಣ ಕರೆಯಲು ಬಂದರೆ ಬರುತ್ತೀರಾ? ಶನಿವಾರದೊಳಗೆ ನನ್ನ ಕೈ ಸೇರುವಂತೆ ಉತ್ತರ ಬರೆಯಿರಿ.