ಯಾರಿಂದ ಯಾರಿಗೆ

ಕ್ಯಾಲನೂರು
೯-೧೧-೨೦೨೫

ನಮ್ಮ ಮೇಘನಮ್ಮನಿಗೆ ಅಪ್ಪನ ಆಶೀರ್ವಾದ.

ಇಲ್ಲಿ ನಾನೂ ಎರಡು ಹಸುಗಳೂ ಚೆನ್ನಾಗಿದ್ದೇವೆ. ನೀನು ಪುಣೆಯಿಂದ ಸಹಿಗೆ ಕಳಿಸಿದ ಒಪ್ಪಿಗೆ ಪತ್ರ ದಸರೆಗೆ ಮುಂಚೆಯೇ ಬಂತು, ದೀಪಾವಳಿಯೂ ಕಳೆಯಿತು. ಬೇಜಾರು ಮಾಡಿಕೊಳ್ಳಬೇಡ. ಫೋನಿನಲ್ಲಿ ನೀನು ಕೇಳಿದಾಗ ಒಂದು ಸಲ ಕನ್ನಡಕ ಸಿಗಲಿಲ್ಲ ಅಂದೆ, ಇನ್ನೊಂದು ಸಲ ಬೂಸಾ ಲೋಡು ಬಂತು ಅಂದೆ. ಮೂಟೆ ಹೊತ್ತು ಹೊತ್ತು ಬೂಸಾ ಅಂಗಡಿ ಇಟ್ಟವನು ನಾನು. ಗಿರಾಕಿಗಳು ಹೇಳುವ ನೆಪಗಳೆಲ್ಲ ಬಾಯಿಪಾಠ. ಅವನ್ನೇ ನಿನಗೆ ದಾಟಿಸಿದೆ.

ಕಾಗದ ಕನ್ನಡದಲ್ಲೇ ಇದ್ದರೂ ಅರ್ಥವಾಗಲಿಲ್ಲ. ಹೋದ ಚಳಿಗಾಲದಲ್ಲಿ ನಿಮ್ಮ ಸಂಶೋಧನೆಗೆಂದು ಮನೆಮನೆಗೂ ಬಂದು ಮೂಗಿಗೆ ಹತ್ತಿ ಕಡ್ಡಿ ಹಾಕಿ ಹೋದಳಲ್ಲ ನರ್ಸ್ ಪದ್ಮಶ್ರೀ, ಅವಳ ಕೈಲಿ ಓದಿಸಿದೆ. "ಅಣ್ಣಾ, ಅಮ್ಮನ ಕಡ್ಡಿ ಪುಣೇಲಿ ಐಸ್‌ನಲ್ಲಿ ಭದ್ರವಾಗೈತೆ. ತೀರ್ಕೊಂಡೋರದು ಮುಟ್ಬೇಕಂದ್ರೆ ಮನೇರ ಸೈನ್ ಬೇಕು" ಅಂದಳು. ಪಕ್ಕದಲ್ಲಿದ್ದ ಡೇರಿ ಗಂಗುಲಪ್ಪ ಬಿಡುತ್ತಾನೆಯೇ? "ಅಯ್ಯೋ ದೇವುಡಾ! ಲೇ ಚನ್ನಾ, ಹನ್ನೊಂದನೇ ದಿನ ಸೀರೆ, ಚಾಪೆ, ಚೊಂಬು ಎಲ್ಲಾ ದಾನ ಕೊಟ್ಟು ಕಳಿಸಿದ್ವಲ್ಲೋ. ರತ್ನಮ್ಮ ನೋಡಿದ್ರೆ ಪುಣೇಲಿ ಉಳ್ಕೊಂಡವ್ಳೆ! ಅಲ್ಲಿ ಮುದ್ದೆ ಯಾರಿಕ್ತಾರೋ ಪಾಪ?" ಎಲ್ಲರೂ ನಕ್ಕೆವು. ಅಂಗಡಿ ಬಾಗಿಲು ಹಾಕಿದ ಮೇಲೆ ನನಗೆ ನಗು ಬರಲಿಲ್ಲ.

ಡಾಕ್ಟರೇಟ್ ಆದಮೇಲೂ ಹುಡುಗಿ ಇನ್ನೂ ಏನು ಓದುತ್ತಾಳೆ ಎಂದು ಊರವರು ಕೇಳಿದರೆ, "ಕೆಮ್ಮಿನ ಮೇಲೆ ಸಂಶೋಧನೆ" ಎಂದು ಬಾಯಿ ಮುಚ್ಚಿಸುತ್ತಿದ್ದೆ. ಪದ್ಮಶ್ರೀ ಬಿಡಿಸಿ ಹೇಳಿದಳು: ಒಂದು ಮನೆಯ ಕಡ್ಡಿಗಳನ್ನೆಲ್ಲ ಹೋಲಿಸಿ, ಸೋಂಕು ಯಾರಿಂದ ಯಾರಿಗೆ ದಾಟಿತು ಎಂದು ಪತ್ತೆ ಮಾಡುವುದಂತೆ. ಡೇರಿಯಲ್ಲಿ ಹಾಲು ತೆಳ್ಳಗಾದರೆ ನೀರು ಬೆರೆಸಿದವರು ಯಾರೆಂದು ಒಬ್ಬೊಬ್ಬರ ಹಾಲಿಗೂ ಮಾಪಕ ಅದ್ದಿ ಡಿಗ್ರಿ ನೋಡಿದ ಹಾಗೆ. ಡೇರಿಯಲ್ಲಾದರೆ ಸಿಕ್ಕಿಬಿದ್ದವನಿಗೆ ದಂಡ ಹಾಕಿ ಬಿಡುತ್ತಾರೆ. ಮನೆಯಲ್ಲಿ?

ಅಂದಿನಿಂದ ಒಂದು ಕಡೆ ಕೂರಲಾಗುತ್ತಿಲ್ಲ. ತೂಕ ಹಾಕುವಾಗ ಎಣಿಕೆ ತಪ್ಪುತ್ತದೆ. ವೇಮಗಲ್‌ಗೆ ಹೊರಟವನು ಕೋಲಾರದ ಬಸ್ಸು ಹತ್ತಿದೆ. ಪೆನ್ನು ತೆಗೆಯುತ್ತೇನೆ, ಮತ್ತೆ ಜೇಬಿಗೆ ಸಿಕ್ಕಿಸುತ್ತೇನೆ. ನಮ್ಮ ಮನೆಯೊಂದು ಬಿಟ್ಟು ಉಳಿದೆಲ್ಲ ಮನೆಗಳದ್ದು ಮುಗಿಯಿತು ಅನ್ನುತ್ತೀಯ. "ಅಮ್ಮಂದು ನಾನೇ ನೋಡ್ಬೇಕಪ್ಪ, ಬೇರೆಯೋರ ಕೈಗೆ ಕೊಡಲ್ಲ" ಅನ್ನುತ್ತೀಯ. ನನ್ನ ಕೈ ಕಟ್ಟಿದ್ದು ಆ ಮಾತೇ.

ಇವತ್ತು ಸಹಿ ಹಾಕಿದೆ. ಕಾಗದ ಇದರ ಜೊತೆಗಿದೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ಹಿಡಿದ ಕೆಲಸ ಕೈಗೂಡಲಿ, ದೇವರು ನಿನಗೆ ಗಟ್ಟಿ ಮನಸ್ಸು ಕೊಡಲಿ.

ನಿಮ್ಮಪ್ಪ
ಚನ್ನರಾಯಪ್ಪ

ಮರೆತದ್ದಲ್ಲ, ಹೇಳದೆ ಉಳಿಸಿಕೊಂಡಿದ್ದು: ಸಂಕ್ರಾಂತಿಗೆ ಬಂದಾಗ ನೀನು ಕೆಮ್ಮುತ್ತಿದ್ದೆ. ಕೇಳಿದರೆ ನೀನೇ ಬಸ್ಸಿನ ಧೂಳು ಅಂದೆ. ನೀನೂ ಮನೆಯಲ್ಲಿದ್ದೆ ಎಂದು ಪದ್ಮಶ್ರೀ ನಿನಗೂ ಕಡ್ಡಿ ಹಾಕಿದಳು. ಅಮ್ಮ ಮೆಣಸಿನ ಸಾರು ಕುಡಿಸಿ, ನಿನ್ನ ತಲೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನೀನು ವಾಪಸ್ ಹೊರಟು ವಾರಕ್ಕೆ ಅವಳು ಜ್ವರ ಹಿಡಿದು ಮಲಗಿದಳು, ಪದ್ಮಶ್ರೀ ಬಂದು ಅವಳಿಗೆ ಮತ್ತೆ ಕಡ್ಡಿ ಹಾಕಿದಳು. ಆಸ್ಪತ್ರೆಗೆ ಹೋಗುವಾಗ ಆಟೋದಲ್ಲಿ, ಉಸಿರು ಸಾಲದೆ ತಡೆದು ತಡೆದು ಹೇಳಿದಳು: "ಮಗು ಕೆಮ್ತಿದ್ದಿದ್ದು ಯಾರ್ಗೂ ಹೇಳ್ಬೇಡಿ ಕಣ್ರೀ. ಅವಳ್ಗಂತೂ ಬ್ಯಾಡ." ಈಗ ನೀನು ಹುಡುಕಲು ಹೊರಟಿರುವುದು ಅದನ್ನೇ. ನಿನ್ನಿಂದಲೇ ಇರಬಹುದು, ಇಲ್ಲದೆಯೂ ಇರಬಹುದು. ಯಂತ್ರ ಹೇಳುವ ಮೊದಲು ಅಪ್ಪ ಹೇಳಲಿ ಎಂದು ಬರೆದೆ. ಅಮ್ಮನ ಕಡ್ಡಿಯನ್ನು ಹೊರಗೆ ತೆಗೆಯುವ ದಿನ ಯಾವುದೆಂದು ತಿಳಿಸು. ಪುಣೆಗೆ ಬರುತ್ತೇನೆ, ಬಾಗಿಲ ಹೊರಗೆ ಕೂತಿರುತ್ತೇನೆ.